ಒಕ್ಕಣ್ಣನ ಗತಿ

“ಈ ಕೋಟುಗಳ ಕಾಜಾನೂ ನೀನೇ ಹೊಲೀತೀಯೋ, ಇಲ್ಲಾ ಕೊನೇಲಿ ಯಾರು ಸಾಯ್ತಾರೆ ಅಂತ ಹೇಳಿಬಿಡ್ಲೋ ಅಕ್ಕಾ?” ಎಂದು ಚಿಕ್ಕವಳು ಹೊಲಿಗೆಯಂತ್ರದ ಹಿಂದಿನಿಂದ ಕೇಳಿದಳು.

ದೊಡ್ಡವಳು ಎರಡೂ ಕಿವಿ ಮುಚ್ಚಿಕೊಂಡಳು. “ಬಾಯಿ ಬಿಟ್ಟರೆ ನೋಡು! ಕೊಡು ಇಲ್ಲಿ, ಹೊಲೀತೀನಿ.”

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಅಂಗಡಿಯಲ್ಲಿ ಹೊಲಿಗೆಗೆ ಕೂತ ಈ ವಾರಗಿತ್ತಿಯರು ಜಗಳವಾಡದ ವಿಷಯವೇ ಇರಲಿಲ್ಲ, ಒಂದು ಕಾದಂಬರಿಮಾಲೆಯನ್ನು ಬಿಟ್ಟು. ಬೆಟ್ಟಗಳಾಚೆಯ ರಾಜ್ಯ, ಕಿರೀಟ ಕಳೆದುಕೊಂಡ ರಾಣಿ, ಅವಳನ್ನು ಬೆನ್ನ ಮೇಲೆ ಹೊತ್ತು ಹಾರುವ ಒಕ್ಕಣ್ಣನೆಂಬ ಡ್ರ್ಯಾಗನ್. ಒಂದು ಸಂಪುಟ ಇವಳು ಕೊಂಡರೆ ಮುಂದಿನದು ಅವಳು. ಕೊಂಡವಳೇ ಮೊದಲು ಓದಬೇಕೆಂಬುದು ಕರಾರು. ಕೊನೆಯ ಸಂಪುಟದ ಸರದಿ ಚಿಕ್ಕವಳಿಗೆ ಬಂದದ್ದು ದೊಡ್ಡವಳ ಹಣೆಬರಹ. ಚಿಕ್ಕವಳು ನೋಡನೋಡುತ್ತಲೇ ‘ಮುಗೀತು’ ಎಂದು ಪುಸ್ತಕ ದಾಟಿಸಿದಳು. ಅಂದಿನಿಂದ ಅಂಗಡಿ ಗುಡಿಸುವುದು, ಬಾಬಿನ್‌ಗೆ ದಾರ ಸುತ್ತುವುದು, ಬ್ಯಾಂಡ್ ಕಂಪನಿಯವರ ಕೋಟುಗಳಿಗೆ ಎರಡೆರಡು ಸಾಲು ಗುಂಡಿಯ ಕಾಜಾ ಹೊಲಿಯುವುದು ಎಲ್ಲವೂ ದೊಡ್ಡವಳ ಕುತ್ತಿಗೆಗೆ ಬಂತು. ಒಕ್ಕಣ್ಣನಿಗೇನಾದರೂ ಆದರೆ ತಾನೇ ಓದಿ ಅಳಬೇಕು, ಇವಳ ಬಾಯಿಂದ ಕೇಳಿ ಅಳಬಾರದು ಎಂಬುದೊಂದೇ ಅವಳ ಹಟ. ಆ ಹೆದರಿಕೆಗೆ ಕೊನೆಯ ಪುಟಗಳ ಕಡೆ ಕಣ್ಣು ಕೂಡ ಹಾಯಿಸಿರಲಿಲ್ಲ.

ಮಧ್ಯಾಹ್ನ ಚಿಕ್ಕವಳು ಯಾರದೋ ಅಳತೆ ತೆಗೆದುಕೊಳ್ಳಲು ಹೋದಾಗ ದೊಡ್ಡವಳು ಪುಸ್ತಕ ಬಿಚ್ಚಿದಳು. ಯುದ್ಧ ಮುಗಿದಿತ್ತು. ಒಕ್ಕಣ್ಣ ರೆಕ್ಕೆ ಮುರಿದುಕೊಂಡು ಬಿದ್ದಿದ್ದ. ರಾಣಿ ಅವನ ಎದೆಗೆ ಕಿವಿ ಇಟ್ಟಿದ್ದಳು. ಮುಂದಿನ ಹಾಳೆ ಮಗುಚಹೋದರೆ ಅದು ಮಗುಚಲಿಲ್ಲ. ಕೊನೆಯ ಅಧ್ಯಾಯದ ಹಾಳೆಗಳ ಅಂಚು ಕತ್ತರಿಸುವುದನ್ನು ಅಚ್ಚಿನ ಮನೆಯವರು ಮರೆತಿದ್ದರು. ಎರಡೆರಡು ಹಾಳೆಗಳು ಅಂಚಿನ ಮಡಿಕೆಯಲ್ಲಿ ಕೂಡಿಕೊಂಡೇ ಇದ್ದವು. ಬಿಡಿಸಲೆಂದು ದಾರದ ಕತ್ತರಿ ಎತ್ತಿಕೊಂಡವಳ ಕೈ ತಟ್ಟನೆ ನಿಂತಿತು. ಇದನ್ನು ಕತ್ತರಿಸದೆ ಓದುವುದು ಯಾರಪ್ಪನಿಂದಲೂ ಆಗದ ಮಾತು. ಹಾಗಾದರೆ ಆ ಕಳ್ಳಿ ಕೊನೆಯನ್ನು ಓದಿಯೇ ಇಲ್ಲ!

ಕತ್ತರಿಸಿದಳು, ಒಂದೇ ಉಸಿರಿಗೆ ಓದಿದಳು, ಅತ್ತಳು, ನಕ್ಕಳು, ಕೊನೆಯ ಸಾಲನ್ನು ಮತ್ತೊಮ್ಮೆ ಓದಿ ಪುಸ್ತಕವನ್ನು ಎದೆಗವಚಿಕೊಂಡಳು. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಅನ್ನಿಸಿತು.

ಚಿಕ್ಕವಳು ಬಾಗಿಲು ದಾಟುವುದೇ ತಡ, ದೊಡ್ಡವಳು ಆಗಷ್ಟೇ ಬಿಡಿಸಿದ ಅಂಚನ್ನು ಅವಳ ಮೂಗಿಗೆ ಹಿಡಿದಳು. “ಏನಮ್ಮಾ ಮಹಾತಾಯಿ, ಮಡಿಸಿದ ಹಾಳೆ ಒಳಗೆ ತಲೆ ತೂರಿಸಿ ಓದಿದ್ಯಾ?”

ಚಿಕ್ಕವಳು ಇಂಗು ತಿಂದ ಮಂಗನಂತಾದಳು. “ಅವನು ಬಿದ್ದಲ್ಲಿಗೇ ನಿಲ್ಲಿಸಿಬಿಟ್ಟೆ ಅಕ್ಕಾ. ಕತ್ತರಿ ಹಿಡಿದೆ, ಧೈರ್ಯ ಬರಲಿಲ್ಲ. ನೀನು ಮೊದಲು ಓದು, ನಿನ್ನ ಮುಖ ನೋಡಿ ತಿಳ್ಕೊಳ್ಳೋಣ ಅಂತ…”

“ಮತ್ತೆ ಸಾಯೋರ ಹೆಸರು ಹೇಳ್ತೀನಿ ಅಂತಿದ್ಯಲ್ಲ, ಯಾರ ಹೆಸರು ಹೇಳ್ತಿದ್ದೆ?”

“ಯಾರು ಸತ್ರೆ ನೀನು ಜಾಸ್ತಿ ಅಳ್ತೀಯೋ ಅವರದ್ದು.”

“ಆಹಾ! ಈಗ ಕೂತ್ಕೊಂಡು ಕಾಜಾ ಹೊಲಿ. ಇಲ್ಲಾಂದ್ರೆ ಒಕ್ಕಣ್ಣ ಏನಾದ ಅಂತ ಈಗ್ಲೇ ಹೇಳಿಬಿಡ್ತೀನಿ.”

ಚಿಕ್ಕವಳು ತೆಪ್ಪಗೆ ಕೋಟು ಎತ್ತಿಕೊಂಡಳು. ದೊಡ್ಡವಳು ಕಾಲ ಮೇಲೆ ಕಾಲು ಹಾಕಿ ಕೂತು ಸ್ವಲ್ಪ ಹೊತ್ತು ಸ್ವರ್ಗಸುಖ ಅನುಭವಿಸಿದಳು. ಆಮೇಲೆ ಶುರುವಾಯಿತು ಸಂಕಟ. ರಾಣಿ ಕೊನೆಗೆ ಆಡಿದ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಅದನ್ನು ಯಾರ ಹತ್ತಿರ ಆಡುವುದು? ಮನೆಯ ಗಂಡಸರಿಗೆ ಡ್ರ್ಯಾಗನ್ನೂ ಒಂದೇ, ಓತಿಕ್ಯಾತವೂ ಒಂದೇ. ಲೋಕದಲ್ಲಿ ಇದನ್ನು ಕೇಳಿ ತನ್ನಷ್ಟೇ ಅಳುವವಳು ಇವಳೊಬ್ಬಳು, ಇವಳೋ ಸೂಜಿಗೆ ದಾರ ಪೋಣಿಸುವುದರಲ್ಲೇ ಆಕಳಿಸುತ್ತಿದ್ದಾಳೆ. ದೊಡ್ಡವಳಿಗೆ ಇನ್ನು ತಡೆಯಲಾಗಲಿಲ್ಲ.

“ಕೊಡೇ ಆ ಕೋಟು! ಎಲ್ಲಾ ನಾನೇ ಹೊಲೀತೀನಿ. ನೀನು ಮೊದಲು ಓದಿ ಮುಗಿಸು ನನ್ನ ತಾಯೀ!”

ಚಿಕ್ಕವಳು ಕಾಲು ಚಾಚಿ ಕೂತು ಪುಸ್ತಕ ಬಿಚ್ಚಿದಳು. ದೊಡ್ಡವಳು ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಅವಳ ಮುಖದ ಮೇಲೆ ಇಟ್ಟು ಸರಸರನೆ ಹೊಲಿಯತೊಡಗಿದಳು. ಎಷ್ಟು ಹೊತ್ತಾದರೂ ಹಾಳೆ ಮಗುಚಿದ ಸದ್ದೇ ಇಲ್ಲ.

“ಎಲ್ಲಿಗೆ ಬಂದ್ಯೇ?”

ಚಿಕ್ಕವಳು ಪುಸ್ತಕದ ಮೇಲಿಂದ ಕಾಜಾ ಹೊಲಿಯದ ಕೋಟುಗಳನ್ನು ಒಮ್ಮೆ ನೋಡಿದಳು.

“ಅವಸರ ಏನಕ್ಕಾ, ಇನ್ನೂ ಎರಡು ಕೋಟು ಉಳಿದಿದೆಯಲ್ಲ.”