ಮಂದಾರಳಿಗೆ ಕಳಿಸಿದ ಸೀರೆ

ಬೆಳಗಿನ ಉಬ್ಬರಕ್ಕೆ ಸರಕಾರ ಕೊಟ್ಟ ತೇಲುಮನೆಯ ಹಗ್ಗ ಸಡಿಲಿಸುತ್ತಿದ್ದೆ. ಒಂದು ದೋಣಿ ಬಂತು. ಅದರಲ್ಲಿದ್ದ ನರೆಗೂದಲಿನ ಹೆಂಗಸನ್ನು ನೋಡಿದ ಕೂಡಲೇ ಗುರುತು ಹತ್ತಿತು. ಟಿವಿ ಧಾರಾವಾಹಿಯ ಮಂದಾರ!

ಮೂವತ್ತು ವರ್ಷದ ಹಿಂದೆ, ನಮಗಿನ್ನೂ ನೆಲದ ಮೇಲೆ ಮನೆಯಿದ್ದಾಗ, ಪಡುಕೇರಿಯ ಹೆಂಗಸರೆಲ್ಲ ಮೀನು ಮಾರಿ ಬಂದು ಸಂಜೆ ಏಳಕ್ಕೆ ಅವಳನ್ನೇ ನೋಡುತ್ತಿದ್ದೆವು. ಒಂದು ದಿನ ಅವಳ ಮನೆಗೆ ಕಡಲು ನುಗ್ಗಿತು. ಆ ದಿನದ ಕಂತಿನ ಕೊನೆಯಲ್ಲಿ ಅವಳು ನಮ್ಮ ಕಡೆಗೇ ತಿರುಗಿ, ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತಿದೆ ಎಂದು ಕೈಮುಗಿದು ಹೇಳಿದಳು. ನಾವು ಗೋಳೋ ಎಂದು ಅತ್ತೆವು. ಪಾಪ, ಉಟ್ಟ ಬಟ್ಟೆಯಲ್ಲೇ ಹೊರಬಿದ್ದಿದ್ದಾಳೆ ಎಂದು ಮನೆಗೊಂದರಂತೆ ಸೀರೆ ಒಟ್ಟುಮಾಡಿ ಟಿವಿಯವರ ವಿಳಾಸಕ್ಕೆ ಪಾರ್ಸೆಲ್ ಕಳಿಸಿದೆವು.

ಈಗ ಅವಳು ದೋಣಿಯಲ್ಲಿ ತಂದಿದ್ದ ಪೆಟ್ಟಿಗೆ ತೆರೆದಳು. ಮೇಲೆಯೇ ನನ್ನ ಹಸಿರು ಸೀರೆ. ಸೆರಗಿಗೆ ನಾನೇ ಕಟ್ಟಿದ ಕುಚ್ಚು ಹಾಗೇ ಇತ್ತು.

"ಉಡುವ ಮನಸ್ಸಾಗಲಿಲ್ಲ ಅಮ್ಮಾ. ಹೋದ ಮಳೆಗಾಲದಲ್ಲಿ ನಿಮ್ಮ ಕೇರಿಯೂ ಮುಳುಗಿತು ಅಂತ ತಿಳಿದು ತಂದೆ," ಎಂದಳು. ಆಮೇಲೆ ಮೆಲ್ಲಗೆ, "ಆವತ್ತು ನಾನು ಹೇಳಿದ್ದು ನಿಮಗೆ ಕೇಳಿಸಲಿಲ್ವಾ?"

"ಕೇಳಿಸಿತು ಮಗಾ. ನಿನ್ನ ಮನೆ ಹೋಯಿತಲ್ಲ ಅಂತ ಮೂರು ದಿನ ನನಗೆ ಊಟ ಸೇರಲಿಲ್ಲ. ನೀನು ಹೇಳಿದ್ದು ನಮ್ಮ ಮನೆಯ ಸುದ್ದಿ ಅಂತ ಒಬ್ಬಳಿಗೂ ಹೊಳೆಯಲಿಲ್ಲ ಮಾರಾಯ್ತಿ."

ಮಗಳಿಗೆ ಕೊಟ್ಟ ಸೀರೆ ವಾಪಸು ತೆಗೆದುಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ಆದರೂ ಕೈಚಾಚಿದೆ. ನನ್ನಲ್ಲಿ ಇದ್ದದ್ದು ಉಟ್ಟದ್ದೊಂದೇ.