ಎಲ್ಲರ ಮೇಲ್

ಕಚೇರಿಯ ಮೇಲ್ ಸರ್ವರ್ ಸುಟ್ಟುಹೋದಾಗ ಯಾರೂ ಗಾಬರಿಯಾಗಲಿಲ್ಲ. ತೀರಿಕೊಂಡ ಜಯತೀರ್ಥ ಮಾಡಿಟ್ಟಿದ್ದ ಬ್ಯಾಕಪ್ ವ್ಯವಸ್ಥೆ ಇನ್ನೂ ನಡೆಯುತ್ತಿತ್ತು. ಎಲ್ಲರ ಮೇಲ್‌ಗಳೂ ಮರಳಿ ಬಂದವು.

ಅವನ ಹೆಂಡತಿ ಬಂದು, ಅವನ ಜಾಗಕ್ಕೆ ಬಂದಿದ್ದ ಗೆಳೆಯ ಫಯಾಜನ ಮುಂದೆ ಕೂತಳು.

"ಮದುವೆಗೆ ಮುಂಚೆ ಅವರು ಇಲ್ಲಿಂದಲೇ ನನಗೆ ಬರೀತಿದ್ರು. ಒಂದ್ಸಲ ಜಗಳ ಆಡಿ, ಸಿಟ್ಟಲ್ಲಿ ನನ್ನ ಕಡೆ ಇದ್ದದ್ದನ್ನೆಲ್ಲ ಅಳಿಸಿಬಿಟ್ಟೆ. ಅವರ ಮೇಲ್‌ಬಾಕ್ಸಲ್ಲಿ ಇರುತ್ತಲ್ವಾ?"

"ಇರದೆ ಏನು ಅತ್ತಿಗೆ? ನಮ್ಮೆಲ್ಲರದ್ದೂ ಉಳಿಸಿದೋನೇ ಅವನು."

ಫಯಾಜ್ ಹುಡುಕಿದ. ಬ್ಯಾಕಪ್‌ನಲ್ಲಿ ಜಯತೀರ್ಥನ ಹೆಸರೇ ಇರಲಿಲ್ಲ. ಸೆಟ್ಟಿಂಗ್ ತೆರೆದು ನೋಡಿದವನು ಕೀಬೋರ್ಡಿನಿಂದ ಕೈ ತೆಗೆದ.

"ಯಾಕೆ, ಏನಾಯ್ತು?"

"ಡಿಸ್ಕಲ್ಲಿ ಎಲ್ಲರದ್ದೂ ಹಿಡಿಸ್ತಿರಲಿಲ್ಲ ಅತ್ತಿಗೆ. ದೊಡ್ಡದು ಕೇಳಿದ್ರೆ ಮೇಲಿನವರು ಕೊಡಿಸಲಿಲ್ಲ. ಅದಕ್ಕೆ ಒಬ್ಬರದ್ದನ್ನ ಮಾತ್ರ ಬಿಟ್ಟಿದ್ದಾನೆ. ತನ್ನದನ್ನ."