ರಾಜನ ತೋಳಿಗೆ ಹೊಸ ನೂಲು

"ನೂಲು ಮುಗೀತು!" ಅತ್ತಿಗೆ ತುಟಿ ತೆರೆಯದೆಯೇ ಕೂಗಿದರು. ಬಾಯಲ್ಲಿ ಗುಂಡುಸೂಜಿಗಳಿದ್ದವು. ಅದೇ ಹೊತ್ತಿಗೆ ಹೊರಗೆ ನಾಟಕದ ಮೊದಲ ಗಂಟೆ ಮೊಳಗಿತು.

ಕಣ್ಣು ಮುಚ್ಚಿ ಮಾತು ಗೊಣಗುತ್ತಿದ್ದ ಮೈದುನ ಬೆಚ್ಚಿಬಿದ್ದ. ವರ್ಷಾನುಗಟ್ಟಲೆ ಬಾಗಿಲ ಬಳಿ ಈಟಿ ಹಿಡಿದು ನಿಂತು "ಅಪ್ಪಣೆ, ಪ್ರಭು" ಎಂದಷ್ಟೇ ಹೇಳುತ್ತಿದ್ದವನಿಗೆ ಈ ಸಲ ಸಿಕ್ಕಿದ್ದು ಸಾಕ್ಷಾತ್ ರಾಜನ ಪಾತ್ರ. ಮೈಮೇಲೆ ಉಕ್ಕಿನ ಕವಚ. ಉಕ್ಕೆಲ್ಲಿಂದ ಬರಬೇಕು? ವೇಷಭೂಷಣದ ಹೊಣೆ ಹೊತ್ತ ಅತ್ತಿಗೆ ಬೂದು ಉಣ್ಣೆಯನ್ನು ಕಾಳುಕಾಳಾಗಿ ಉಬ್ಬುವಂತೆ ಹೆಣೆದು, ಮೇಲೆ ಬೆಳ್ಳಿ ಬಣ್ಣ ಸವರಿದ್ದರು. ದೀಪ ಬಿದ್ದರೆ ಅಪ್ಪಟ ಉಕ್ಕು! ಎಡತೋಳಿನ ಅಂಚೊಂದು ಬಾಕಿ ಉಳಿದಿತ್ತು. ಅದನ್ನು ಅವನ ಮಣಿಕಟ್ಟಿನ ಸುತ್ತಲೇ ಕಡ್ಡಿ ಹಿಡಿದು ಹೆಣೆಯುತ್ತಿದ್ದರು.

"ಗಂಟು ಹಾಕಿಬಿಡಿ, ಅತ್ತಿಗೆ!"

"ಗಂಟು ಹಾಕಿದ್ರೆ ಇಷ್ಟು ಕಾಳಿನ ಮಧ್ಯೆ ಅದೊಂದೇ ನರಹುಲಿ ಥರ ಎದ್ದು ಕಾಣತ್ತೆ. ತುದಿ ಬಿಟ್ರೆ ಕತ್ತಿಗೆ ಸಿಕ್ಕಿಹಾಕ್ಕೊಳ್ಳತ್ತೆ. ಹೋದ ಸಲ ಸೇನಾಪತಿ ತೋಳು ಮೊಣಕೈವರೆಗೂ ಬಿಚ್ಚಿಹೋಗಿದ್ದು ಮರೆತುಹೋಯ್ತಾ?"

ಅತ್ತಿಗೆ ಬುಟ್ಟಿಯಿಂದ ಹೊಸ ಉಂಡೆ ತೆಗೆದರು. ಹಳೆಯದರ ತುದಿ, ಹೊಸದರ ತುದಿ ಎರಡನ್ನೂ ಎಳೆ ಎಳೆಯಾಗಿ ಬಿಡಿಸಿ, ಒಂದರ ಮೇಲೊಂದು ಅಂಗೈಯಲ್ಲಿಟ್ಟು ಅವನ ಮೂತಿಯ ಮುಂದೆ ಹಿಡಿದರು.

"ಉಗಿ. ಒದ್ದೆ ಮಾಡಿ ಉಜ್ಜಿದ್ರೆ ಉಣ್ಣೆ ತಾನಾಗೇ ಕೂಡ್ಕೊಳ್ಳತ್ತೆ. ನನ್ನ ಬಾಯಲ್ಲಿ ಸೂಜಿ ಇದೆ, ಕಾಣ್ತಿಲ್ವಾ?"

ಅವನು ಉಗಿದ. ಸದ್ದು ಮಾತ್ರ ಬಂತು.

"ಅತ್ತಿಗೆ, ಬಾಯಿ ಒಣಗಿ ಸತ್ತಿದೆ. ನೀರು ಹಚ್ಚಿದ್ರೆ ಆಗಲ್ವಾ?"

"ಜಗ್ಗು ಖಾಲಿ ಮಾಡಿದ್ದು ಯಾರು?"

ಅವನೇ. ಸಂಜೆಯಿಂದ ಕುಡಿದದ್ದೇ ಕುಡಿದದ್ದು. ನಾಲಿಗೆ ಮಾತ್ರ ಇನ್ನೂ ಅಂಗುಳಿಗೆ ಅಂಟಿಕೊಂಡಿತ್ತು. ಬೆಳಗಿನ ತಾಲೀಮಿನಲ್ಲೂ ಹೀಗೇ ಆಗಿ, ಮೊದಲ ಮಾತೇ ಹೊರಡದೆ ಬೆಪ್ಪನಂತೆ ನಿಂತಿದ್ದ. ಇವತ್ತೂ ಹಾಗೇ ಆದರೆ ಇನ್ನು ಮುಂದೆ ಈಟಿಯೇ ಗತಿ ಎಂದು ನಿರ್ದೇಶಕರು ಕಡ್ಡಿ ಮುರಿದಂತೆ ಹೇಳಿದ್ದರು.

ಎರಡನೇ ಗಂಟೆ. ನಿರ್ದೇಶಕರು ಪರದೆಯ ಸಂದಿನಲ್ಲಿ ತಲೆ ತೂರಿಸಿದರು. "ರಾಜ ರೆಡಿನಾ?"

"ರಾಜರು ಉಗಿಯೋ ಪ್ರಯತ್ನದಲ್ಲಿದಾರೆ. ಒಂದು ನಿಮಿಷ ಸರ್."

ಅತ್ತಿಗೆ ಬಾಯಿಂದ ಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದರು. ಈಗ ಅವರೇ ಉಗಿಯಬಹುದಿತ್ತು. ಅದು ಹೊಳೆಯುವಷ್ಟು ಬುದ್ಧಿ ರಾಜರಿಗೆ ಆಗ ಎಲ್ಲಿತ್ತು!

"ಕಣ್ಣು ಮುಚ್ಚು. ನನ್ನ ಕೈಯಲ್ಲೊಂದು ನಿಂಬೆಹಣ್ಣಿದೆ, ತೆಳು ಸಿಪ್ಪೇದು. ಚಾಕು ಹಾಕಿದೆ ನೋಡು. ಅಬ್ಬಾ, ಎಷ್ಟು ರಸ! ಬೆರಳ ಸಂದಿಯಿಂದ ಇಳೀತಾ ಇದೆ. ಮೇಲೆ ಉಪ್ಪು ಉದುರಿಸ್ತಾ ಇದೀನಿ. ಈಗ ಹೋಳು ನಿನ್ನ ನಾಲಿಗೆ ಮೇಲೆ. ಹಿಂಡಿದೆ!"

ಮೈದುನನ ಕೆನ್ನೆಗಳು ಒಳಕ್ಕೆ ಸೆಳೆದುಕೊಂಡವು. ಮುಖ ಹಿಂಡಿಕೊಂಡಿತು. ಬಾಯಿ ತುಂಬ ನೀರೂರಿತು.

"ಉಗಿ!"

ಉಗಿದ, ಧಾರಾಳವಾಗಿ. ಅತ್ತಿಗೆ ಎರಡೂ ಅಂಗೈ ಸೇರಿಸಿ ಬಿಸಿಯೇರುವಂತೆ ಉಜ್ಜಿ, ನೂಲನ್ನು ಜಗ್ಗಿ ನೋಡಿದರು. ಗಟ್ಟಿ! ಕಡ್ಡಿಗಳು ಟಕಟಕ ಓಡಿದವು. ಕೊನೆಯ ಸುತ್ತು ಮುಗಿಸಿ ಕುಣಿಕೆ ಬಿಗಿದದ್ದಕ್ಕೂ ಮೂರನೇ ಗಂಟೆಗೂ ಸರಿಹೋಯಿತು. "ನಿಂಬೆಹಣ್ಣು ಬಾಯಲ್ಲೇ ಇರ್ಲಿ. ಓಡು!" ಎಂದು ಬೆನ್ನಿಗೆ ಗುದ್ದಿ ತಳ್ಳಿದರು.

ಪರದೆ ಎದ್ದಿತು. ಅತ್ತಿಗೆ ಕುಳಿತಲ್ಲಿಂದಲೇ ಕಿವಿಗೊಟ್ಟರು.

"ಯಾರಲ್ಲಿ!"

ಹಿಂದಿನ ಸಾಲಿನ ಗೋಡೆಗೆ ಬಡಿದು ಮರಳಿ ಬಂದ ದನಿ. ಈಟಿ ಹಿಡಿದ ಹೊಸ ಕಾವಲುಗಾರ ನಿಜಕ್ಕೂ ನಡುಗಿಹೋದ. ಒಳಗೆ ಅತ್ತಿಗೆಯ ಪಕ್ಕದಲ್ಲಿ ನಿಂತಿದ್ದ ನಿರ್ದೇಶಕರಿಗೆ ಖುಷಿ ತಡೆಯಲಾಗಲಿಲ್ಲ. "ಅಬ್ಬ, ಗೆದ್ದ! ಅಲ್ಲಮ್ಮಾ, ಅಂಥ ಹೊತ್ತಲ್ಲೇ ನಿಮ್ಮ ನೂಲು ಮುಗೀಬೇಕಾ?"

ರಾಜನನ್ನು ನೋಡಲು ಅತ್ತಿಗೆ ಸಡಗರದಿಂದ ಎದ್ದು ನಿಂತರು. ಅವರ ಮಡಿಲಿಂದ ಬೂದು ಬಣ್ಣದ ಉಂಡೆಯೊಂದು ಬಿದ್ದು, ಉರುಳುತ್ತ ನಿರ್ದೇಶಕರ ಕಾಲ ಬಳಿ ನಿಂತಿತು. ಅರ್ಧಕ್ಕಿಂತ ಹೆಚ್ಚೇ ಉಳಿದಿದ್ದ ಹಳೆಯ ಉಂಡೆ. ಅದರ ತುದಿಯಲ್ಲಿ ಕತ್ತರಿ ಆಡಿದ ಗುರುತು ಸ್ಪಷ್ಟವಾಗಿತ್ತು.